ಗುಹೆಯ ಅಧ್ಯಾಯ ಹೇಳದೆ ಬಿಟ್ಟದ್ದು

ಅಬ್ಬಾಸಿ ಖಲೀಫ ಅಲ್-ವಾಸಿಖ್‌ಗೆ ಒಂದು ರಾತ್ರಿ ಕೆಟ್ಟ ಕನಸು ಬಿತ್ತು. ಲೋಕದ ಅಂಚಿನಲ್ಲಿ ಯಾಜೂಜ್ ಮಾಜೂಜ್ ಎಂಬ ಹಾವಳಿಕೋರ ಜನರನ್ನು ತಡೆದು ನಿಲ್ಲಿಸಿದ್ದ ಗೋಡೆ ತೆರೆದುಕೊಂಡಂತೆ ಕಂಡಿತು. ಇದು 842ರ ಸುಮಾರಿನ ಮಾತು. ಖಲೀಫ ಹಲವು ಭಾಷೆ ಬಲ್ಲ ಸಲ್ಲಾಮ್ ಎಂಬ ದುಭಾಷಿಯನ್ನು ಕರೆಸಿ, ಐವತ್ತು ಜನರನ್ನು ಜೊತೆಗೆ ಕೊಟ್ಟು, ಗೋಡೆ ಗಟ್ಟಿಯಾಗಿದೆಯೇ ನೋಡಿಕೊಂಡು ಬಾ ಎಂದು ಅಟ್ಟಿದ. ಸಮರ್ರಾ ಪಟ್ಟಣದಿಂದ ಹೊರಟ ಸಲ್ಲಾಮ್ ಕಾಕಸಸ್ ಬೆಟ್ಟಸಾಲು, ಖಝರರ ನಾಡು ಎಲ್ಲ ದಾಟಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲೆದು ಹಿಂದಿರುಗಿದ. ಗೋಡೆಯನ್ನು ಕಂಡೆ, ಭದ್ರವಾಗಿದೆ ಎಂದು ವರದಿ ಒಪ್ಪಿಸಿದ. ಅವನ ಮಾತನ್ನು ಕೇಳಿ ಇಬ್ನ್ ಖುರ್ದಾದ್‌ಬಿಹ್ ತನ್ನ ಭೂಗೋಳ ಗ್ರಂಥದಲ್ಲಿ ಬರೆದಿಟ್ಟ. ಸಲ್ಲಾಮ್ ನಿಜವಾಗಿ ನೋಡಿದ್ದು ಏನನ್ನು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಅವನು ಚೀನದ ಮಹಾಗೋಡೆಯ ಪಶ್ಚಿಮ ತುದಿಗೆ ಹೋಗಿದ್ದಿರಬೇಕು ಎಂದು ಡಚ್ ವಿದ್ವಾಂಸ ದ ಖೂಯೆ 1888ರಲ್ಲಿ ವಾದಿಸಿದ್ದ. 2010ರಲ್ಲಿ ಈ ಒಂದು ಪ್ರಯಾಣದ ಸುತ್ತಲೇ ಒಂದು ದೊಡ್ಡ ಸಂಶೋಧನಾ ಗ್ರಂಥ ಹೊರಬಂತು.

ಇಷ್ಟಕ್ಕೆಲ್ಲ ಕಾರಣವಾದ ಗೋಡೆಯ ಪ್ರಸ್ತಾಪ ಇರುವುದು ಕುರ್‌ಆನಿನ 18ನೇ ಅಧ್ಯಾಯದಲ್ಲಿ, ಅಂದರೆ ಸೂರಃ ಅಲ್-ಕಹ್ಫ್‌ನಲ್ಲಿ. ಕಹ್ಫ್ ಎಂದರೆ ಗುಹೆ. ಈ ಅಧ್ಯಾಯ ಗೋಡೆ ಎಲ್ಲಿದೆ ಎಂದು ಹೇಳುವುದಿಲ್ಲ. ಕಟ್ಟಿಸಿದ ದೊರೆಯ ಬಿರುದನ್ನು ಕೊಡುತ್ತದೆ, ಹೆಸರನ್ನಲ್ಲ. ಗುಹೆಯಲ್ಲಿ ಮಲಗಿದ ತರುಣರ ಕಥೆ ಹೇಳುತ್ತದೆ, ಅವರೆಷ್ಟು ಜನ ಎಂಬುದನ್ನು ಬಾಯಿಬಿಡುವುದಿಲ್ಲ. ಮೂಸಾ (ಬೈಬಲಿನ ಮೋಶೆ) ಒಬ್ಬ ಜ್ಞಾನಿಯನ್ನು ಹುಡುಕಿಕೊಂಡು ಹೋದರು ಎನ್ನುತ್ತದೆ, ಆ ಜ್ಞಾನಿ ಯಾರು ಎಂದು ತಿಳಿಸುವುದಿಲ್ಲ. ಹೀಗೆ ಬಿಟ್ಟ ಜಾಗಗಳನ್ನು ತುಂಬುವುದರಲ್ಲಿ ವ್ಯಾಖ್ಯಾನಕಾರರು, ಭೂಗೋಳಜ್ಞರು, ಸೂಫಿಗಳು, ಪುರಾತತ್ವ ಶೋಧಕರು ಹದಿನಾಲ್ಕು ಶತಮಾನ ಕಳೆದಿದ್ದಾರೆ. ಈ ಅಧ್ಯಾಯದ ಪಾಠಗಳೇನು ಎಂದು ಕೇಳಿದವರಿಗೆ ಸಿಗುವ ಉತ್ತರಗಳಲ್ಲಿ ಬಹಳಷ್ಟು ಹುಟ್ಟಿರುವುದು ಆ ತುಂಬಿದ ಜಾಗಗಳಿಂದಲೇ. ನನಗನ್ನಿಸುವಂತೆ ಅಧ್ಯಾಯದ ತಿರುಳು ಇರುವುದು ಬಿಟ್ಟ ಜಾಗಗಳಲ್ಲಿ.

ಮುಸ್ಲಿಮರ ವಾರದ ಬದುಕಿನಲ್ಲಿ ಇದಕ್ಕಿರುವ ಸ್ಥಾನ ಬೇರೆ ಅಧ್ಯಾಯಗಳಿಗೆ ಅಷ್ಟಾಗಿ ಇಲ್ಲ. ಶುಕ್ರವಾರ ಇದನ್ನು ಓದಿದವರಿಗೆ ಮುಂದಿನ ಶುಕ್ರವಾರದ ತನಕ ಬೆಳಕಿರುತ್ತದೆ ಎಂಬ ಹದೀಸ್ ಇದೆ. ಅದು ಪ್ರವಾದಿಯವರ ಮಾತೋ ಅವರ ಸಂಗಾತಿ ಅಬೂ ಸಈದ್ ಅಲ್-ಖುದ್ರಿಯವರ ಮಾತೋ ಎಂಬುದರಲ್ಲಿ ಹದೀಸ್ ಪಂಡಿತರಿಗೆ ಒಮ್ಮತವಿಲ್ಲ, ಓದುವವರು ಅದಕ್ಕಾಗಿ ನಿಲ್ಲಿಸಿಯೂ ಇಲ್ಲ. ಮೊದಲ ಹತ್ತು ಸೂಕ್ತಗಳನ್ನು ಬಾಯಿಪಾಠ ಮಾಡಿಕೊಂಡವರನ್ನು ಅಂತ್ಯಕಾಲದ ಮಹಾವಂಚಕ ದಜ್ಜಾಲನೂ ಮುಟ್ಟಲಾರ ಎಂಬ ಮಾತು ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಕರಾವಳಿಯ ಬ್ಯಾರಿ ಮನೆಗಳಿಂದ ಹಿಡಿದು ಕಲಬುರಗಿಯ ಮೊಹಲ್ಲಾಗಳವರೆಗೆ ಜುಮಾ ದಿನ ಇದನ್ನು ಓದುವ ರೂಢಿ ಇದೆ. ಕನ್ನಡ ಅನುವಾದಗಳು ಬಂದ ಮೇಲೆ ಅರಬ್ಬಿ ಓದಬಲ್ಲವರೂ ಅರ್ಥವನ್ನು ಪಕ್ಕದಲ್ಲಿಟ್ಟುಕೊಂಡು ಕೂರುವುದು ಸಾಮಾನ್ಯವಾಗಿದೆ.

ಅಧ್ಯಾಯದಲ್ಲಿರುವುದು 110 ಸೂಕ್ತಗಳು. ಮಕ್ಕಾ ಕಾಲದ್ದು ಎಂಬುದರಲ್ಲಿ ಸಂಪ್ರದಾಯದ ಪಂಡಿತರಿಗೂ ಜರ್ಮನ್ ವಿದ್ವಾಂಸ ನೋಲ್ಡೆಕೆಗೂ ಭಿನ್ನಾಭಿಪ್ರಾಯವಿಲ್ಲ. ನೋಲ್ಡೆಕೆ ಅದನ್ನು ಮಕ್ಕಾದ ನಡುಗಾಲಕ್ಕೆ ಸೇರಿಸುತ್ತಾನೆ. ಮಕ್ಕಾದ ಪ್ರಬಲ ಕುಲವಾದ ಕುರೈಶರ ಕಿರುಕುಳ ಜೋರಾಗಿದ್ದ, ಪ್ರವಾದಿ ಮುಹಮ್ಮದರ ಹಿಂದೆ ಬೆರಳೆಣಿಕೆಯ ಜನರಿದ್ದ ದಿನಗಳವು. ತಮ್ಮವರು ನಂಬುತ್ತಿಲ್ಲವಲ್ಲ ಎಂಬ ಕೊರಗಿನಲ್ಲಿ ಪ್ರವಾದಿ ತಮ್ಮ ಪ್ರಾಣವನ್ನೇ ಸವೆಸಿಕೊಳ್ಳುತ್ತಾರೇನೋ ಎಂದು ಆರನೇ ಸೂಕ್ತ ಆತಂಕಪಡುತ್ತದೆ. ಕಥೆಗಳು ಶುರುವಾಗುವುದು ಇದಾದ ಮೇಲೆ. ಅವು ಹೊತ್ತು ಹೋಗದವರಿಗೆ ಹೇಳಿದ ಕಥೆಗಳಲ್ಲ, ಸೋತು ಕೂತವರಿಗೆ ಹೇಳಿದವು.

ಕಥೆಗಳು ಏಕೆ ಬಂದವು ಎಂಬುದಕ್ಕೆ ಇಬ್ನ್ ಇಸ್ಹಾಕ್ ಬರೆದ ಪ್ರವಾದಿ ಚರಿತ್ರೆ ಒಂದು ಪ್ರಸಂಗವನ್ನು ಕೊಡುತ್ತದೆ. ಕುರೈಶರು ನದ್ರ್ ಇಬ್ನ್ ಹಾರಿಸ್ ಮತ್ತು ಉಕ್ಬಾ ಎಂಬಿಬ್ಬರನ್ನು ಮದೀನದ ಯಹೂದಿ ಪಂಡಿತರಲ್ಲಿಗೆ ಕಳಿಸಿದರು. ಮುಹಮ್ಮದ್ ನಿಜವಾದ ಪ್ರವಾದಿಯೋ ಅಲ್ಲವೋ ತಿಳಿಯುವುದು ಹೇಗೆ ಎಂದು ಕೇಳಿಸಿದರು. ಪಂಡಿತರು ಮೂರು ಪ್ರಶ್ನೆ ಕಟ್ಟಿಕೊಟ್ಟರು: ಹಿಂದಿನ ಕಾಲದಲ್ಲಿ ಕಾಣೆಯಾದ ತರುಣರ ಕಥೆ ಏನು, ಮೂಡಣ ಪಡುವಣದ ತುದಿ ಮುಟ್ಟಿದ ಪಯಣಿಗ ಯಾರು, ಆತ್ಮ ಎಂದರೇನು. ನಾಳೆ ಹೇಳುತ್ತೇನೆ ಎಂದರು ಪ್ರವಾದಿ. ನಾಳೆ ಬಂತು, ದೇವವಾಣಿ ಬರಲಿಲ್ಲ. ಹದಿನೈದು ದಿನ ಹೀಗೇ ಹೋಯಿತು, ಮಕ್ಕಾದವರು ಆಡಿಕೊಂಡರು. ಕೊನೆಗೆ ಅಧ್ಯಾಯ ಇಳಿದು ಬಂದಾಗ ಅದರೊಳಗೆ ಒಂದು ಗದರಿಕೆಯೂ ಇತ್ತು: ದೇವರು ಬಯಸಿದರೆ ಎಂದು ಸೇರಿಸದೆ, ನಾಳೆ ಇದನ್ನು ಮಾಡುತ್ತೇನೆ ಎಂದು ಯಾವುದರ ಬಗ್ಗೆಯೂ ಹೇಳಬೇಡ. ನಮ್ಮ ಬೀದಿಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಇನ್‌ಶಾ ಅಲ್ಲಾಹ್ ಎಂಬುದಕ್ಕೆ ಆಜ್ಞೆಯ ರೂಪ ಸಿಕ್ಕಿದ್ದು ಇಲ್ಲಿ, 23 ಮತ್ತು 24ನೇ ಸೂಕ್ತಗಳಲ್ಲಿ.

ಈ ಪ್ರಸಂಗ ಸೊಗಸಾಗಿದೆ. ಆದರೆ ಅಧ್ಯಾಯದ ಅರ್ಧವನ್ನು ಮಾತ್ರ ಅದು ವಿವರಿಸುತ್ತದೆ. ಆತ್ಮದ ಪ್ರಶ್ನೆಗೆ ಉತ್ತರ ಇರುವುದು ಹಿಂದಿನ ಅಧ್ಯಾಯದಲ್ಲಿ. ಇತ್ತ ಎರಡು ತೋಟಗಳ ದೃಷ್ಟಾಂತವನ್ನಾಗಲಿ ಮೂಸಾರ ಪಯಣವನ್ನಾಗಲಿ ಕೇಳಿದವರು ಯಾರೂ ಇರಲಿಲ್ಲ. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡದ, ಕೇಳದ್ದನ್ನು ಮುಂದಿಡುವ ಅಧ್ಯಾಯ ಇದು.

ಗುಹೆಯ ಕಥೆಯನ್ನೇ ನೋಡಬಹುದು. ವಿಗ್ರಹಾರಾಧನೆಗೆ ಒಲ್ಲದ ಕೆಲವು ತರುಣರು ತಮ್ಮ ಜನರನ್ನು ಬಿಟ್ಟು ಗುಹೆ ಸೇರುತ್ತಾರೆ. ದೇವರು ಅವರ ಕಿವಿಗಳ ಮೇಲೆ ವರ್ಷಗಳ ಮುಸುಕು ಎಳೆಯುತ್ತಾನೆ. ಸೂರ್ಯ ಹುಟ್ಟುವಾಗ ಗುಹೆಯ ಬಲಕ್ಕೆ ಸರಿದು, ಮುಳುಗುವಾಗ ಎಡಕ್ಕೆ ಹಾಯುತ್ತಾನೆ. ಮಲಗಿದವರನ್ನು ದೇವರು ಬಲಕ್ಕೂ ಎಡಕ್ಕೂ ಮಗ್ಗುಲು ಬದಲಿಸುತ್ತಿರುತ್ತಾನೆ. ಹೊಸ್ತಿಲಲ್ಲಿ ಮುಂಗಾಲು ಚಾಚಿ ಒಂದು ನಾಯಿ. ಎದ್ದಾಗ ಅವರಿಗೆ ಒಂದು ದಿನವೋ ಅದಕ್ಕೂ ಕಡಿಮೆಯೋ ನಿದ್ದೆ ಮಾಡಿದಂತೆ ಅನ್ನಿಸುತ್ತದೆ. ಒಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು, ಶುದ್ಧವಾದ ಆಹಾರ ತಾ, ಯಾರಿಗೂ ಗೊತ್ತಾಗದಂತೆ ನಾಜೂಕಾಗಿ ನಡೆದುಕೋ ಎಂದು ಪಟ್ಟಣಕ್ಕೆ ಕಳಿಸುತ್ತಾರೆ. (ಅಕ್ಷರ ಎಣಿಸಿದವರ ಪ್ರಕಾರ ಕುರ್‌ಆನಿನ ನಟ್ಟನಡುವೆ ಬರುವುದು ಈ ನಾಜೂಕಿನ ಮಾತು. ಹಲವು ಮುದ್ರಣಗಳು ಅದನ್ನು ದಪ್ಪಕ್ಷರದಲ್ಲೋ ಕೆಂಪಿನಲ್ಲೋ ಎದ್ದು ಕಾಣಿಸುತ್ತವೆ.) ಗುಟ್ಟು ರಟ್ಟಾಗುತ್ತದೆ. ಊರಿನವರು ಅವರ ಮೇಲೆ ಏನು ಕಟ್ಟಬೇಕೆಂದು ಜಗಳಕ್ಕಿಳಿಯುತ್ತಾರೆ.

ಇದೇ ಜಾಗದಲ್ಲಿ ಕಥೆ ಹಠಾತ್ತನೆ ನಿಂತು ಕೇಳುಗರ ಕಡೆ ತಿರುಗುತ್ತದೆ. ಕೆಲವರು ಮೂವರು, ನಾಲ್ಕನೆಯದು ನಾಯಿ ಎನ್ನುವರು. ಕೆಲವರು ಐವರು, ಆರನೆಯದು ನಾಯಿ ಎನ್ನುವರು. ಇವೆರಡೂ ಕತ್ತಲಲ್ಲಿ ಎಸೆದ ಕಲ್ಲು ಎಂದು ತಳ್ಳಿ, ಏಳು ಜನ, ಎಂಟನೆಯದು ನಾಯಿ ಎಂಬ ಮೂರನೆಯ ಮಾತನ್ನು ಮಾತ್ರ ತಳ್ಳದೆ ಬಿಡುತ್ತದೆ, ಒಪ್ಪುವುದೂ ಇಲ್ಲ. ಲೆಕ್ಕ ದೇವರಿಗೆ ಗೊತ್ತು, ಬಲ್ಲವರು ಕೆಲವರೇ, ಈ ವಿಷಯದಲ್ಲಿ ಮೇಲುಮೇಲಿನ ಮಾತಿಗಿಂತ ಹೆಚ್ಚು ವಾದ ಬೇಡ, ಯಾರನ್ನೂ ವಿಚಾರಿಸಲೂ ಬೇಡ ಎಂಬುದು ಅದರ ಅಪ್ಪಣೆ. ಪ್ರವಾದಿಯವರ ದಾಯಾದಿ ಇಬ್ನ್ ಅಬ್ಬಾಸ್ ತಾನು ಆ ಬಲ್ಲ ಕೆಲವರಲ್ಲಿ ಒಬ್ಬ, ಏಳೇ ಜನ ಎಂದುಬಿಟ್ಟರು. ಅಲ್ಲಿಂದ ಮುಂದೆ ಹಬ್ಬ. ತಬರಿ (ಮರಣ 923) ಸಂಗ್ರಹಿಸಿದ ವರದಿಗಳಲ್ಲಿ ತರುಣರ ಹೆಸರುಗಳು ಬಂದವು, ಚಕ್ರವರ್ತಿಯ ಹೆಸರು ಬಂತು. ನಾಯಿಗೆ ಕಿತ್ಮೀರ್ ಎಂಬ ಹೆಸರು ಅಂಟಿತು, ಅದರ ಬಣ್ಣದ ಬಗ್ಗೆಯೂ ಅಭಿಪ್ರಾಯಗಳು ಹುಟ್ಟಿದವು. ಮುಂದೆ ಈ ಹೆಸರುಗಳು ತಾಯಿತಗಳಾದವು. ಆಟೊಮನ್ ಸಾಮ್ರಾಜ್ಯದಲ್ಲಿ ಹಡಗು ಮುಳುಗದಿರಲೆಂದು, ಕಾಗದ ಕಳೆಯದಿರಲೆಂದು ಅವನ್ನು ಬರೆಯುತ್ತಿದ್ದರು. ಏಳು ತರುಣರ ಮತ್ತು ನಾಯಿಯ ಹೆಸರುಗಳನ್ನೇ ಹಡಗಿನ ಆಕಾರದಲ್ಲಿ ಹೆಣೆದ 1766-67ರ ಒಂದು ಅಕ್ಷರಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ನೋಡಲು ಬಹಳ ಚೆಂದ. ಅಧ್ಯಾಯ ಕೇಳಬೇಡ ಎಂದದ್ದನ್ನೇ ಕೇಳಿ ಪಡೆದು ಕೊರಳಿಗೆ ಕಟ್ಟಿಕೊಂಡ ಮನುಷ್ಯ ಸ್ವಭಾವದ ಮೇಲೆ ನನಗೆ ಸಿಟ್ಟಿಲ್ಲ, ಅದೇ ಅಧ್ಯಾಯ ಮುಂದೆ 54ನೇ ಸೂಕ್ತದಲ್ಲಿ ಮನುಷ್ಯನಷ್ಟು ವಾದಪ್ರಿಯ ಇನ್ನೊಬ್ಬನಿಲ್ಲ ಎಂದು ನಿಟ್ಟುಸಿರು ಬಿಡುತ್ತದಲ್ಲ.

ಕಥೆ ಅರೇಬಿಯಕ್ಕೆ ಹೊಸದಾಗಿರಲಿಲ್ಲ. ಸಿರಿಯಾಕ್ ಭಾಷೆಯ ಕ್ರೈಸ್ತ ಕವಿ, ಸರೂಗಿನ ಯಾಕೋಬ (ಮರಣ 521) ಇದನ್ನು ಪದ್ಯಪ್ರವಚನವಾಗಿ ಬರೆದಿದ್ದ. ಎಫೆಸಸ್ ಪಟ್ಟಣದ ಕ್ರೈಸ್ತ ತರುಣರು ರೋಮನ್ ಚಕ್ರವರ್ತಿ ಡೀಸಿಯಸ್‌ನ (249–251) ಕಿರುಕುಳಕ್ಕೆ ಅಂಜಿ ಗುಹೆ ಸೇರಿ, ಎರಡನೇ ಥಿಯೋಡೋಸಿಯಸ್‌ನ (408–450) ಕಾಲದಲ್ಲಿ ಎಚ್ಚರಗೊಂಡರು ಎಂಬುದು ಆ ಪರಂಪರೆಯ ಕಥೆ. ಸತ್ತವರು ದೇಹದೊಡನೆ ಮತ್ತೆ ಏಳುತ್ತಾರೆಯೇ ಎಂಬ ಚರ್ಚೆಗೆ ಅವರ ಎಚ್ಚರವೇ ಸಾಕ್ಷಿಯಾಯಿತು ಎಂದು ಅದು ಹೇಳುತ್ತದೆ. ಎಷ್ಟು ಜನ ಎಂಬ ಬಗ್ಗೆ ಅಲ್ಲಿಯೂ ಒಮ್ಮತವಿಲ್ಲ, ಕೆಲವು ಸಿರಿಯಾಕ್ ಹಸ್ತಪ್ರತಿಗಳು ಎಂಟು ಎನ್ನುತ್ತವೆ. ಅಂದಮೇಲೆ ಕುರ್‌ಆನ್ ಎತ್ತಿಹೇಳುವ ಮೂರು-ಐದು-ಏಳರ ಗದ್ದಲ ಆ ಕಾಲದಲ್ಲಿ ನಿಜವಾಗಿಯೂ ನಡೆಯುತ್ತಿದ್ದ ಗದ್ದಲ. ಕುರ್‌ಆನ್ ಎಫೆಸಸನ್ನೂ ಬಿಟ್ಟಿತು, ಚಕ್ರವರ್ತಿಗಳನ್ನೂ ಬಿಟ್ಟಿತು, ಪುನರುತ್ಥಾನದ ಅಂಶವನ್ನು ಮಾತ್ರ ಉಳಿಸಿಕೊಂಡಿತು. ವರ್ಷಗಳ ಲೆಕ್ಕದಲ್ಲೂ ಇದೇ ಆಟ. ಮುನ್ನೂರು, ಮೇಲೆ ಒಂಬತ್ತು ಎಂದು ಒಂದು ಸೂಕ್ತ ಹೇಳಿದರೆ, ಮರುಸೂಕ್ತ ಅವರು ಎಷ್ಟು ಕಾಲ ಇದ್ದರೆಂದು ದೇವರೇ ಬಲ್ಲ ಎನ್ನುತ್ತದೆ. ಮುನ್ನೂರು ಸೌರ ವರ್ಷ ಎಂದರೆ ಮುನ್ನೂರ ಒಂಬತ್ತು ಚಾಂದ್ರ ವರ್ಷ, ಆದ್ದರಿಂದ ಎರಡೂ ಸರಿ ಎಂಬುದು ಇಬ್ನ್ ಕಸೀರ್ (ಮರಣ 1373) ಮೊದಲಾದವರ ಸಮಾಧಾನ. ಅವರಿಗಿಂತ ಬಹಳ ಹಿಂದಿನ ವ್ಯಾಖ್ಯಾನಕಾರ ಕತಾದಾ ಆ ಅಂಕಿಯೇ ಜನರಾಡಿದ ಮಾತು, ದೇವರ ಮಾತಲ್ಲ ಎಂದಿದ್ದರು. ಡೀಸಿಯಸ್‌ನಿಂದ ಥಿಯೋಡೋಸಿಯಸ್‌ವರೆಗೆ ಎಷ್ಟು ಎಳೆದರೂ ಇನ್ನೂರು ವರ್ಷ ದಾಟದು ಎಂದು ಲೆಕ್ಕ ಹಾಕುವ ಇಂದಿನವರಿಗೆ ಕತಾದಾರ ಓದು ಹೆಚ್ಚು ಅನುಕೂಲ. ಮರುಸೂಕ್ತದ ಧಾಟಿಗೂ ಅದೇ ಒಗ್ಗುತ್ತದೆ ಎಂದು ನನಗೆ ತೋರುತ್ತದೆ.

ಗುಹೆ ಎಲ್ಲಿ ಎಂಬುದಕ್ಕೆ ಉತ್ತರಗಳು ಒಂದಲ್ಲ. ಎಫೆಸಸಿನ ಗುಹೆಯನ್ನು ಆಸ್ಟ್ರಿಯದ ಶೋಧಕರು 1927-28ರಲ್ಲಿ ಅಗೆದಾಗ ಚರ್ಚು ಮತ್ತು ನೂರಾರು ಸಮಾಧಿಗಳು ಸಿಕ್ಕವು. ಜೋರ್ಡಾನಿನ ಅಮ್ಮಾನ್ ಬಳಿಯ ಗುಹೆಯನ್ನು 1963ರಲ್ಲಿ ರಫೀಕ್ ಅಲ್-ದಜಾನಿ ಅಗೆದು, ಸೂರ್ಯನ ಚಲನೆಯ ವಿವರ ಇದಕ್ಕೇ ಹೊಂದುತ್ತದೆ ಎಂದು ವಾದಿಸಿದರು. ಟರ್ಕಿಯ ಅಫ್ಶಿನ್, ತಾರ್ಸಸ್, ಅತ್ತ ಚೀನದ ತುರ್ಫಾನ್ ಬಳಿಯ ತುಯೋಕ್‌ನಲ್ಲೂ ಗುಹೆಗಳಿವೆ, ಯಾತ್ರಿಕರೂ ಇದ್ದಾರೆ. ಫ್ರೆಂಚ್ ವಿದ್ವಾಂಸ ಲೂಯಿ ಮಸಿನ್ಯೋಂ ಗುಹೆ ಹುಡುಕುವ ಗೋಜಿಗೆ ಹೋಗದೆ ಬೇರೆಯದೇ ದಾರಿ ಹಿಡಿದ. ಫ್ರಾನ್ಸಿನ ಬ್ರಿಟನಿ ಪ್ರಾಂತದ ವ್ಯೂ ಮಾರ್ಶೆ ಗ್ರಾಮದಲ್ಲಿ ಏಳು ಸಂತರಿಗೆ ಮೀಸಲಾದ ಹಳೆಯ ಪ್ರಾರ್ಥನಾಲಯವೊಂದಿತ್ತು. 1954ರಿಂದ ಅವನು ಅಲ್ಲಿಯ ವಾರ್ಷಿಕ ಯಾತ್ರೆಗೆ ಮುಸ್ಲಿಮರನ್ನೂ ಕರೆದುತಂದ. ಆಲ್ಜೀರಿಯದ ಯುದ್ಧ ಹೊತ್ತಿಕೊಂಡದ್ದು ಅದೇ ವರ್ಷ. ಯಾತ್ರೆ ಇಂದಿಗೂ ನಡೆಯುತ್ತಿದೆ.

ಭಾಗವತ ಕೇಳಿದ ಕನ್ನಡದ ಓದುಗರಿಗೆ ಇಲ್ಲಿ ಮುಚುಕುಂದ ನೆನಪಾಗದೆ ಇರಲಾರ. ಅವನೂ ಗುಹೆಯಲ್ಲಿ ಯುಗಗಟ್ಟಲೆ ಮಲಗಿದ್ದು, ಎದ್ದು ಹೊರಬಂದಾಗ ಮನುಷ್ಯರು ಗಿಡ್ಡವಾಗಿದ್ದು ಕಂಡು ಕಲಿ ಕಾಲಿಟ್ಟನೆಂದು ಅರಿತವನು. ಮುಚುಕುಂದ ಲೋಕ ಕೆಟ್ಟಿತೆಂದು ತಪಸ್ಸಿಗೆ ಹೊರಟರೆ, ಗುಹೆಯ ತರುಣರು ಎದ್ದ ಲೋಕ ಅವರ ಪಾಲಿಗೆ ಒಳ್ಳೆಯದಾಗಿ ಬದಲಾಗಿತ್ತು. ಈಜಿಪ್ಟಿನ ನಾಟಕಕಾರ ತೌಫೀಕ್ ಅಲ್-ಹಕೀಮ್ 1933ರಲ್ಲಿ ಬರೆದ ‘ಅಹ್ಲ್ ಅಲ್-ಕಹ್ಫ್’ ನಾಟಕದಲ್ಲಿ ಮಾತ್ರ ಎದ್ದವರು ಹೊಸ ಕಾಲದಲ್ಲಿ ಬಾಳಲಾರದೆ ಮತ್ತೆ ಗುಹೆಯನ್ನೇ ಸೇರುತ್ತಾರೆ. ಅಲ್ಲಿ ಕಾಲವೇ ಖಳನಾಯಕ.

ಸಲ್ಲಾಮ್ ಹುಡುಕಿ ಹೋದ ಗೋಡೆಯನ್ನು ಕಟ್ಟಿಸಿದ ದುಲ್‌ಕರ್ನೈನ್, ಅಂದರೆ ಎರಡು ಕೊಂಬಿನವನದು, ಅಧ್ಯಾಯದ ಕೊನೆಯ ದೊಡ್ಡ ಕಥೆ. ಪಡುವಣಕ್ಕೆ ಹೋಗಿ ಸೂರ್ಯ ಕೆಸರಿನ ಚಿಲುಮೆಯಲ್ಲಿ ಮುಳುಗುವುದನ್ನು ಕಾಣುತ್ತಾನೆ. ಕಣ್ಣಿಗೆ ಹಾಗೆ ಕಂಡಿತು, ಕಡಲ ದಂಡೆಯಲ್ಲಿ ನಿಂತವರಿಗೆಲ್ಲ ಹಾಗೇ ಕಾಣುತ್ತದೆ ಎಂದು ಇಬ್ನ್ ಕಸೀರ್ ಆಗಲೇ ವಿವರಿಸಿದ್ದಾರೆ. ಮೂಡಣದಲ್ಲಿ ಬಿಸಿಲಿಗೆ ಮರೆಯೇ ಇಲ್ಲದ ಜನರನ್ನು ಕಾಣುತ್ತಾನೆ. ಮೂರನೆಯದಾಗಿ ಎರಡು ಬೆಟ್ಟಗಳ ನಡುವೆ, ಮಾತೇ ಸರಿಯಾಗಿ ಅರ್ಥವಾಗದ ಜನ ಯಾಜೂಜ್ ಮಾಜೂಜರ ಹಾವಳಿ ತಪ್ಪಿಸು, ಕಪ್ಪ ಕೊಡುತ್ತೇವೆ ಎನ್ನುತ್ತಾರೆ. ಹಣ ಬೇಡ, ಆಳು ಕೊಡಿ ಎಂದು ಅವನು ಕಬ್ಬಿಣದ ಗಟ್ಟಿಗಳನ್ನು ಪೇರಿಸಿ, ಊದಿಸಿ ಕೆಂಪಗೆ ಕಾಯಿಸಿ, ಮೇಲೆ ಕರಗಿದ ತಾಮ್ರ ಸುರಿಸುತ್ತಾನೆ. ಕೆಲಸ ಮುಗಿದ ಮೇಲೆ ಬೀಗುವುದಿಲ್ಲ. ಇದು ದೇವರ ಕರುಣೆ, ಅವನ ಮಾತಿನ ಗಳಿಗೆ ಬಂದಾಗ ಈ ಗೋಡೆಯೂ ನೆಲಸಮ ಎಂದು ಹೇಳಿ ಮುಗಿಸುತ್ತಾನೆ. ತಾನು ಕಟ್ಟಿಸಿದ್ದು ಬೀಳುತ್ತದೆ ಎಂದು ಉದ್ಘಾಟನೆಯ ದಿನವೇ ಹೇಳುವ ಆಳರಸರು ಅಪರೂಪ.

ಯಾರಿವನು? ಅಲೆಕ್ಸಾಂಡರ್ ಎಂಬುದು ಹಳೆಯ ಮತ್ತು ಬಹುಜನರ ಉತ್ತರ. ಫಖ್ರುದ್ದೀನ್ ರಾಝಿ ಅದನ್ನೇ ಒಪ್ಪಿದ್ದರು, ಕುರ್‌ಆನನ್ನು ಇಂಗ್ಲಿಷಿಗೆ ತಂದ ಅಬ್ದುಲ್ಲಾ ಯೂಸುಫ್ ಅಲಿಯೂ ಒಪ್ಪಿದರು. ಬಹುದೇವತಾರಾಧಕನಾದ ಗ್ರೀಕ್ ರಾಜ ಏಕದೇವನಿಷ್ಠನಾಗುವುದು ಹೇಗೆ ಎಂಬ ತೊಡಕನ್ನು ಮುಂದಿಟ್ಟು ಇಬ್ನ್ ತೈಮಿಯ್ಯಾ, ಇಬ್ನ್ ಕಸೀರ್ ನಿರಾಕರಿಸಿದರು. ಮೌಲಾನಾ ಅಬುಲ್ ಕಲಾಂ ಆಝಾದ್ ತಮ್ಮ ‘ತರ್ಜುಮಾನುಲ್ ಕುರ್‌ಆನ್’ನಲ್ಲಿ ಇವನು ಪರ್ಶಿಯದ ಸೈರಸ್ ಎಂದು ವಾದಿಸಿದರು. ಬೈಬಲಿನ ದಾನಿಯೇಲನ ಗ್ರಂಥದ ಎರಡು ಕೊಂಬಿನ ಟಗರು ಮೇದ್ಯ-ಪರ್ಶಿಯ ರಾಜ್ಯದ ಸಂಕೇತ, ಪಸಾರ್ಗಡದ ಕಲ್ಲುಶಿಲ್ಪದಲ್ಲಿ ಕೊಂಬಿನ ಕಿರೀಟ ಇದೆ, ಯಹೂದಿಗಳನ್ನು ಸೆರೆಯಿಂದ ಬಿಡಿಸಿದವನ ಬಗ್ಗೆ ಯಹೂದಿಗಳು ಪ್ರಶ್ನೆ ಕೇಳಿದ್ದು ಸಹಜ, ಹೀಗೆ. ಸ್ವಾತಂತ್ರ್ಯ ಹೋರಾಟದ ನಡುವೆ, ಜೈಲುವಾಸಗಳ ನಡುವೆ ಒಬ್ಬ ಕಾಂಗ್ರೆಸ್ ನಾಯಕ ನಡೆಸಿದ ಈ ಸಂಶೋಧನೆ ಭಾರತದ ಗಡಿ ದಾಟಿ ಇರಾನಿನ ವ್ಯಾಖ್ಯಾನಕಾರರನ್ನೂ ತಲುಪಿತು. ಮೌದೂದಿ ಕೂಡ ಸೈರಸ್ ಕಡೆ ವಾಲಿದರು. ಇತ್ತ ಪಶ್ಚಿಮದ ವಿದ್ವಾಂಸರು ನೋಲ್ಡೆಕೆ 1890ರಲ್ಲಿ ತೋರಿಸಿದ ಜಾಡಿನಲ್ಲಿ, 630ರ ಆಸುಪಾಸಿನ ಸಿರಿಯಾಕ್ ಅಲೆಕ್ಸಾಂಡರ್ ಕಥೆಯೊಂದಕ್ಕೆ ಕುರ್‌ಆನ್ ಕಥೆ ಹತ್ತಿರ ಇರುವುದನ್ನು ಗುರುತಿಸಿದ್ದಾರೆ. ಕೆವಿನ್ ವಾನ್ ಬ್ಲಾಡೆಲ್ ಎರಡನ್ನೂ ಹೆಜ್ಜೆ ಹೆಜ್ಜೆಯಾಗಿ ಹೋಲಿಸಿದ್ದಾನೆ. ತೊಡಕೆಂದರೆ ಪ್ರವಾದಿ ಮಕ್ಕಾ ಬಿಟ್ಟದ್ದು 622ರಲ್ಲಿ. ಮಕ್ಕಾದ ಅಧ್ಯಾಯ 630ರ ಕಥೆಯಿಂದ ಪಡೆಯುವುದು ಹೇಗೆ? ಎರಡಕ್ಕೂ ಹಿಂದಿನ ಒಂದು ಮೌಖಿಕ ಕಥೆ ಇತ್ತೆಂದು ಕೆಲವರು, ಸಿರಿಯಾಕ್ ಕಥೆಯ ಕಾಲವನ್ನೇ ಹಿಂದಕ್ಕೆ ತಳ್ಳಬೇಕೆಂದು ಕೆಲವರು ಹೇಳುತ್ತಾರೆ. ಸೈರಸ್ ವಾದ ಜಾಣತನದ್ದು, ಆದರೂ ಗೋಡೆಯ ವಿಷಯಕ್ಕೆ ಬಂದಾಗ ಅಲೆಕ್ಸಾಂಡರ್ ಕಥೆಗಳ ನೆಂಟಸ್ತಿಕೆಯನ್ನು ಅದು ಬಿಡಿಸಲಾರದು.

ನಾಲ್ಕು ಕಥೆಗಳನ್ನು ಪೋಣಿಸುವ ದಾರ ಯಾವುದು? ಇಂದು ಮಸೀದಿಯ ಖುತ್ಬಾ ಪ್ರವಚನಗಳಲ್ಲಿ, ಪುಸ್ತಿಕೆಗಳಲ್ಲಿ ಹೆಚ್ಚಾಗಿ ಕೇಳುವ ಉತ್ತರ ನಾಲ್ಕು ಪರೀಕ್ಷೆಗಳದ್ದು: ಗುಹೆಯವರಿಗೆ ಧರ್ಮದ ಪರೀಕ್ಷೆ, ತೋಟದವನಿಗೆ ಸಿರಿಯದು, ಮೂಸಾರಿಗೆ ಜ್ಞಾನದ್ದು, ದುಲ್‌ಕರ್ನೈನನಿಗೆ ಅಧಿಕಾರದ್ದು. ದಜ್ಜಾಲ ಬಂದಾಗ ಈ ನಾಲ್ಕನ್ನೂ ಒಡ್ಡುತ್ತಾನೆ, ಅದಕ್ಕೇ ಈ ಅಧ್ಯಾಯ ಅವನಿಗೆ ಮದ್ದು ಎಂದು ಹದೀಸಿಗೂ ಗಂಟು ಹಾಕುತ್ತಾರೆ. ಲಖನೌದ ಅಬುಲ್ ಹಸನ್ ಅಲಿ ನದ್ವಿ ಇದನ್ನು ಇನ್ನೂ ಹಿಗ್ಗಿಸಿ, ಇಡೀ ಅಧ್ಯಾಯ ನಂಬಿಕೆಗೂ ಭೌತಿಕವಾದಕ್ಕೂ ನಡುವಿನ ಕಾಳಗ ಎಂದು ಒಂದು ಪುಸ್ತಕವನ್ನೇ ಬರೆದರು. ನಮ್ಮ ಭಟ್ಕಳದ ಅನೇಕ ಆಲಿಮರ ಹೆಸರಿನ ಕೊನೆಗೆ ನದ್ವಿ ಎಂದಿರುವುದು ಅದೇ ಲಖನೌ ವಿದ್ಯಾಲಯದ ನಂಟಿನಿಂದ, ಹಾಗಾಗಿ ಈ ಓದು ಕರಾವಳಿಗೆ ಅಪರಿಚಿತವೇನಲ್ಲ. ಈಜಿಪ್ಟಿನ ಸೈಯದ್ ಕುತುಬ್ ಮೌಲ್ಯಗಳನ್ನು ನಂಬಿಕೆಯ ತಕ್ಕಡಿಯಲ್ಲಿ ಮರಳಿ ತೂಗುವುದೇ ಅಧ್ಯಾಯದ ಸೂತ್ರ ಎಂದರು. ಅಮೀನ್ ಅಹ್ಸನ್ ಇಸ್ಲಾಹಿ ಹಿಂದಿನ ಅಧ್ಯಾಯದೊಡನೆ ಇದನ್ನು ಜೋಡಿಯಾಗಿ ಓದಬೇಕೆಂದರು. ಅಮೆರಿಕದ ನಾರ್ಮನ್ ಬ್ರೌನ್ 1980ರ ದಶಕದಲ್ಲಿ, ಕಥೆಗಳು ಅರ್ಧಕ್ಕೆ ತುಂಡಾಗುವುದೇ ಇದರ ಶೈಲಿ, ಅದನ್ನು ದೋಷವೆಂದು ತಿದ್ದಹೊರಟವರು ಮೋಸಹೋದರು ಎಂದ.

ನಾಲ್ಕು ಪರೀಕ್ಷೆಗಳ ಸೂತ್ರ ಶುಕ್ರವಾರದ ಉಪನ್ಯಾಸಕ್ಕೆ ಹೇಳಿಮಾಡಿಸಿದ್ದು, ನೆನಪಿಡಲು ಸುಲಭ. ಆದರೆ ಸೈತಾನನಾದ ಇಬ್ಲೀಸ್ ತಲೆಬಾಗದ ಪ್ರಸಂಗ, ಚಿಕ್ಕದನ್ನೂ ದೊಡ್ಡದನ್ನೂ ಬಿಡದೆ ಬರೆದಿಟ್ಟ ಕರ್ಮದ ಕಡತ, ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡು ದುಡಿಮೆಯನ್ನೆಲ್ಲ ಕಳೆದುಕೊಂಡವರ ಮಾತು, ಇವು ಆ ಪಟ್ಟಿಯ ಹೊರಗೆ ಉಳಿಯುತ್ತವೆ. ಕಡಲೇ ಶಾಯಿಯಾದರೂ ದೇವರ ಮಾತು ಬರೆದು ಮುಗಿಯದು ಎಂಬ 109ನೇ ಸೂಕ್ತಕ್ಕಂತೂ ಅಲ್ಲಿ ಜಾಗವೇ ಇಲ್ಲ. ಮನುಷ್ಯನ ಅರಿವಿಗೆ ಇರುವ ಅಳತೆಯೇ ದಾರ ಎಂದುಕೊಂಡರೆ ಇವೆಲ್ಲ ಒಳಬರುತ್ತವೆ. ಗುಹೆಯವರಿಗೆ ತಾವೆಷ್ಟು ಮಲಗಿದೆವೆಂದು ತಿಳಿಯದು, ಊರಿನವರಿಗೆ ಅವರೆಷ್ಟು ಜನರೆಂದು ತಿಳಿಯದು, ನಾಳೆ ಏನಾಗುವುದೆಂದು ಪ್ರವಾದಿಗೂ ತಿಳಿಯದು. ಖರ್ಜೂರದ ಬೇಲಿ, ನಡುವೆ ಪೈರು, ಹರಿಯುವ ಕಾಲುವೆ ಇದ್ದ ದ್ರಾಕ್ಷಿ ತೋಟಗಳ ಒಡೆಯನಿಗೆ ಮಾತ್ರ ಎಲ್ಲ ಗೊತ್ತು. ಇದು ಎಂದೂ ಹಾಳಾಗದು, ಪ್ರಳಯವೂ ಬಾರದು, ಬಂದರೂ ಅಲ್ಲಿ ನನಗೆ ಇದಕ್ಕಿಂತ ಒಳ್ಳೆಯದೇ ಸಿಗುತ್ತದೆ ಎಂದು ಬಡ ಗೆಳೆಯನ ಮುಂದೆ ಕೊಚ್ಚಿಕೊಳ್ಳುತ್ತಾನೆ. ಬೆಳಗಾಗುವಷ್ಟರಲ್ಲಿ ಚಪ್ಪರ ನೆಲಕಚ್ಚಿ, ಹಾಕಿದ ದುಡ್ಡಿಗಾಗಿ ಕೈ ಹೊಸಕಿಕೊಳ್ಳುತ್ತಿರುತ್ತಾನೆ. ತೋಟ ಹೊಕ್ಕಾಗ ದೇವರ ಚಿತ್ತ, ಅವನ ಹೊರತು ಶಕ್ತಿಯಿಲ್ಲ ಎನ್ನಬಾರದಿತ್ತೇ ಎಂದು ಗೆಳೆಯ ಕೇಳಿದ ಮಾತು 39ನೇ ಸೂಕ್ತದಲ್ಲಿದೆ. ಹೊಸ ಮನೆಯ ನೆತ್ತಿಯ ಮೇಲೆ, ಲಾರಿಯ ಹಣೆಯ ಮೇಲೆ, ಅಂಗಡಿಯ ಗಲ್ಲಾದ ಹಿಂದೆ ನಾವು ನೋಡುವ ‘ಮಾಶಾ ಅಲ್ಲಾಹ್’ ಬಂದದ್ದು ಇಲ್ಲಿಂದ. ಈಗೀಗ ಅದು ದೃಷ್ಟಿಬೊಟ್ಟಿನ ಕೆಲಸವನ್ನೇ ಹೆಚ್ಚು ಮಾಡುತ್ತಿದೆ.

ಎಲ್ಲಕ್ಕಿಂತ ಆಳವಾದದ್ದು ಮೂಸಾರ ಕಥೆ. ಬುಖಾರಿ ಸಂಗ್ರಹದ ಹದೀಸಿನಂತೆ, ಜನರಲ್ಲಿ ಅತಿ ಹೆಚ್ಚು ಬಲ್ಲವರು ಯಾರು ಎಂಬ ಪ್ರಶ್ನೆಗೆ ಮೂಸಾ ನಾನೇ ಎಂದರು. ದೇವರು ಎರಡು ಕಡಲು ಕೂಡುವ ಎಡೆಯಲ್ಲಿ ನಿನಗಿಂತ ಬಲ್ಲವನಿದ್ದಾನೆ ಎಂದ. ಬುತ್ತಿಯ ಮೀನು ಕಡಲಿಗೆ ಜಾರಿಹೋದ ಬಂಡೆಯ ಬಳಿ ಮೂಸಾ ಅವನನ್ನು ಕಂಡರು. ಕುರ್‌ಆನ್ ಅವನನ್ನು ದೇವರ ದಾಸರಲ್ಲಿ ಒಬ್ಬ ಎಂದಷ್ಟೇ ಕರೆಯುತ್ತದೆ, ಖಿಝರ್ ಎಂಬ ಹೆಸರು ಕೊಟ್ಟದ್ದು ಹದೀಸ್. ನನ್ನೊಡನೆ ತಾಳಿಕೊಳ್ಳಲಾರೆ ಎಂದು ಅವನು ಮೊದಲೇ ಎಚ್ಚರಿಸುತ್ತಾನೆ. ದೇವರು ಬಯಸಿದರೆ ನನ್ನನ್ನು ತಾಳ್ಮೆಯವನಾಗಿ ಕಾಣುವಿರಿ ಎನ್ನುತ್ತಾರೆ ಮೂಸಾ. ಪ್ರವಾದಿಗೆ ಕಲಿಸಿದ ಅದೇ ಮಾತನ್ನು ಇಲ್ಲಿ ಮೂಸಾ ತಪ್ಪದೆ ಆಡುತ್ತಾರೆ, ಆಮೇಲೆ ಮೂರು ಸಲ ಸೋಲುತ್ತಾರೆ. ನಾಳೆಯ ಮೇಲೆ ಹಿಡಿತ ಕೊಡುವ ಮಂತ್ರವಲ್ಲ ಅದು ಎಂದು ಅಧ್ಯಾಯ ತನ್ನೊಳಗೇ ತೋರಿಸಿಬಿಟ್ಟಿದೆ.

ಖಿಝರ್ ಬಡವರ ದೋಣಿಗೆ ತೂತು ಕೊರೆಯುತ್ತಾನೆ, ಒಬ್ಬ ಹುಡುಗನನ್ನು ಕೊಲ್ಲುತ್ತಾನೆ, ಅನ್ನ ಕೊಡದ ಊರಿನಲ್ಲಿ ಬೀಳಲಿದ್ದ ಗೋಡೆಯನ್ನು ಪುಕ್ಕಟೆ ಎತ್ತಿ ನಿಲ್ಲಿಸುತ್ತಾನೆ. ಬೀಳ್ಕೊಡುವಾಗ ಕಾರಣ ಹೇಳುತ್ತಾನೆ: ಒಳ್ಳೆಯ ದೋಣಿಗಳನ್ನೆಲ್ಲ ಕಸಿಯುವ ರಾಜನಿದ್ದ, ಹುಡುಗ ಬೆಳೆದು ಸಜ್ಜನ ತಂದೆತಾಯಿಯನ್ನು ಸಂಕಟಕ್ಕೆ ದೂಡಲಿದ್ದ, ಗೋಡೆಯಡಿ ಎರಡು ಅನಾಥ ಮಕ್ಕಳ ನಿಧಿ ಇತ್ತು. ಇಂಥ ಕಥೆ ಯಹೂದಿ ಪರಂಪರೆಯಲ್ಲೂ ಎಲೀಯ ಮತ್ತು ರಬ್ಬಿ ಯೆಹೋಶುವ ಬೆನ್ ಲೇವಿಯ ಹೆಸರಿನಲ್ಲಿದೆ. ಅದು ಬರಹಕ್ಕಿಳಿದದ್ದು 11ನೇ ಶತಮಾನದಲ್ಲಿ, ಕೈರುವಾನಿನ ನಿಸ್ಸೀಮ್‌ನ ಅರಬ್ಬಿ ಪುಸ್ತಕದಲ್ಲಿ, ಆದ್ದರಿಂದ ಯಾರಿಂದ ಯಾರಿಗೆ ಹೋಯಿತೆಂಬುದು ಹಿಂದೆ ಅಂದುಕೊಂಡಷ್ಟು ಸರಳವಲ್ಲ. ವಾಲ್ಟೇರ್ ಕೂಡ 1747ರಲ್ಲಿ ‘ಝಾದಿಗ್’ ಕಥೆಯೊಳಗೆ ಇದನ್ನು ತಂದ, ಆದರೆ ಅವನ ನಾಯಕ ಕೊನೆಯಲ್ಲೂ ‘ಆದರೆ’ ಎನ್ನುತ್ತಲೇ ಉಳಿಯುತ್ತಾನೆ.

ಸೂಫಿಗಳು ಖಿಝರನನ್ನು ಕಾಣದ ಗುರುವಾಗಿ ಬರಮಾಡಿಕೊಂಡರು. ಇಬ್ನ್ ಅರಬಿ ಅವನನ್ನು ಕಂಡೆನೆಂದ. ಅವನು ಇನ್ನೂ ಬದುಕಿದ್ದಾನೆ ಎಂಬುದು ಹೆಚ್ಚಿನ ಪಂಡಿತರ ಮತವೆಂದು ನವವಿ ಬರೆದರೆ, ಇಬ್ನುಲ್ ಜೌಝಿ ಅದನ್ನು ಅಲ್ಲಗಳೆದರು. ಸಿಂಧೂ ನದಿಯ ನಡುಗಡ್ಡೆಯಲ್ಲಿ ಅವನ ಗದ್ದುಗೆ ಇದೆ, ಮುರ್ಶಿದಾಬಾದಿನಲ್ಲಿ ಅವನ ಹೆಸರಿನಲ್ಲಿ ಭಾಗೀರಥಿಗೆ ದೀಪದ ತೆಪ್ಪ ಬಿಡುತ್ತಾರೆ. ಇವೆಲ್ಲದರ ನಡುವೆ ಒಂದು ಅಪಾಯ ಹೊಂಚುಹಾಕಿತ್ತು. ಗುರು ಮಾಡಿದ್ದು ಎಷ್ಟೇ ಘೋರವಾದರೂ ಒಳಗೊಂದು ಅರ್ಥವಿರುತ್ತದೆ, ಕೇಳಬಾರದು ಎಂದು ಈ ಕಥೆಯನ್ನು ಬಳಸ ಹೊರಟರೆ ತಡೆಯುವವರಾರು? ತಡೆ ಬಹಳ ಬೇಗ ಬಂತು. ಖಾರಿಜಿ ಎಂಬ ಬಂಡಾಯ ಪಂಗಡದ ಮುಖಂಡ ನಜ್ದಾ, ಯುದ್ಧದಲ್ಲಿ ಮಕ್ಕಳನ್ನು ಕೊಲ್ಲಬಹುದೇ ಎಂದು ಇಬ್ನ್ ಅಬ್ಬಾಸರಿಗೆ ಪತ್ರ ಬರೆದು ಕೇಳಿದ. ಪ್ರವಾದಿ ಮಕ್ಕಳನ್ನು ಕೊಲ್ಲಲಿಲ್ಲ, ನೀನೂ ಕೊಲ್ಲಬೇಡ, ಆ ಹುಡುಗನ ಬಗ್ಗೆ ಖಿಝರನಿಗೆ ತಿಳಿದಿದ್ದು ನಿನಗೂ ತಿಳಿದಿದ್ದರೆ ಬೇರೆ ಮಾತು ಎಂಬರ್ಥದ ಉತ್ತರ ಹೋಯಿತು. ಸಹೀಹ್ ಮುಸ್ಲಿಮ್‌ನಲ್ಲಿ ಅದು ದಾಖಲಾಗಿದೆ. ಏಳು ಜನರೆಂದು ಬಲ್ಲೆ ಎಂದ ಅದೇ ಇಬ್ನ್ ಅಬ್ಬಾಸ್, ಇಲ್ಲಿ ಯಾರಿಗೂ ಬಲ್ಲೆ ಎನ್ನಲು ಎಡೆ ಕೊಡಲಿಲ್ಲ. ಮುಂದೆ ಇಬ್ನ್ ತೈಮಿಯ್ಯಾ ಇದೇ ಜಾಡಿನಲ್ಲಿ, ಖಿಝರನ ಕಥೆ ಯಾರಿಗೂ ಶರೀಅತ್‌ನಿಂದ ವಿನಾಯಿತಿ ಕೊಡದು ಎಂದು ಬಿಗಿ ಮಾಡಿದರು.

ಕಥೆಯೂ ಮೂಸಾರ ಪ್ರಶ್ನೆಗಳನ್ನು ತಪ್ಪೆಂದು ಎಲ್ಲೂ ಹೇಳುವುದಿಲ್ಲ. ತಾಳಲಾರದೆ ಹೋದೆ ಎನ್ನುತ್ತದೆ, ಅಷ್ಟೆ. ದೋಣಿ ತೂತಾದಾಗ ಮೂಸಾ ಕೇಳಿದ್ದು ಅದರಲ್ಲಿದ್ದವರು ಮುಳುಗುವರಲ್ಲ ಎಂದು. ಎರಡನೆಯ ಸಲ ಕೇಳಿದ್ದು ತಪ್ಪು ಮಾಡದ ಜೀವವನ್ನು ತೆಗೆದೆಯಲ್ಲ ಎಂದು. ಇನ್ನೊಬ್ಬರಿಗಾಗಿ ಕೇಳಿದ ಈ ಎರಡಕ್ಕೂ ಕ್ಷಮೆ ಸಿಕ್ಕಿತು, ಪಯಣ ಮುಂದುವರಿಯಿತು. ಎರಡನೆಯದಾದ ಮೇಲೆ, ಇನ್ನೊಮ್ಮೆ ಕೇಳಿದರೆ ನನ್ನನ್ನು ಬಿಟ್ಟುಬಿಡಿ ಎಂದು ಷರತ್ತು ಹಾಕಿಕೊಂಡವರೂ ಮೂಸಾರೇ. ಮೂರನೆಯ ಸಲ ಅವರು ಹಸಿದಿದ್ದರು. ಗೋಡೆ ಎತ್ತಿದ್ದಕ್ಕೆ ಕೂಲಿಯನ್ನಾದರೂ ಕೇಳಬಹುದಿತ್ತು ಎಂದರು. ಇಲ್ಲಿಗೆ ನಮ್ಮ ದಾರಿ ಬೇರೆ ಎಂದು ಖಿಝರ್ ನಿಂತುಬಿಟ್ಟದ್ದು ಆಗ.